ವರ್ಕಿಂಗ್ ಇಂಟರ್‌ವ್ಯೂಗೆ ಮುನ್ನ ಕೈಗೆ ಕಲಿಸಬೇಕಾದ ಪಾಠ

ಅಮೆರಿಕದ ಪ್ರಾಣಿ ಆಸ್ಪತ್ರೆಗಳಲ್ಲಿ ವೆಟರ್ನರಿ ಟೆಕ್ನಿಷಿಯನ್ (ಪಶುವೈದ್ಯರ ತರಬೇತಾದ ಸಹಾಯಕ) ಕೆಲಸಕ್ಕೆ ಅರ್ಜಿ ಹಾಕಿದರೆ, ಒಂದು ಸುತ್ತು ಮಾತುಕತೆ ಮುಗಿದ ಮೇಲೆ ಬಹಳ ಕಡೆ ‘ಅರ್ಧ ದಿನ ಬಂದು ನಮ್ಮ ಜೊತೆ ಕೆಲಸ ಮಾಡಿ ನೋಡಿ’ ಎನ್ನುತ್ತಾರೆ. ಇದಕ್ಕೇ ವರ್ಕಿಂಗ್ ಇಂಟರ್‌ವ್ಯೂ ಎಂದು ಹೆಸರು. ನಾನು ಇಂಥ ಮೂರು ದಿನಗಳನ್ನು ಕಳೆದಿದ್ದೇನೆ. ಎರಡು ವರ್ಷದ ಕೋರ್ಸ್ ಮುಗಿಸಿ, ಟೆಕ್ನಿಷಿಯನ್‌ಗಳ ಅರ್ಹತೆ ಅಳೆಯುವ ವಿಟಿಎನ್‌ಇ ಪರೀಕ್ಷೆಗೆ ಓದುತ್ತಿರುವ ಕನ್ನಡದ ಗೆಳೆಯರಿಗಾಗಿ ನನ್ನ ಟಿಪ್ಪಣಿಗಳನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ವಿಟಿಎನ್‌ಇ ನಮ್ಮ ತಲೆಯನ್ನು ಅಳೆಯುತ್ತದೆ. ಮೂರು ಗಂಟೆಯಲ್ಲಿ 170 ಪ್ರಶ್ನೆ, ಅದರಲ್ಲಿ 150ಕ್ಕೆ ಮಾತ್ರ ಅಂಕ. ವರ್ಕಿಂಗ್ ಇಂಟರ್‌ವ್ಯೂನಲ್ಲಿ ನೋಡುವುದು ಕೈಯನ್ನು. ಆ ಕೈ ಎಷ್ಟು ಕೆಲಸ ಬಲ್ಲದು ಎನ್ನುವುದಕ್ಕಿಂತ ಎಲ್ಲಿ ನಿಲ್ಲಬೇಕೆಂದು ಬಲ್ಲದೇ ಎಂಬುದರ ಮೇಲೆ ಅವರ ಕಣ್ಣಿರುತ್ತದೆ. ನನಗೆ ಇದು ಅರ್ಥವಾಗಿದ್ದು ಎರಡನೇ ಆಸ್ಪತ್ರೆಗೆ ಹೋದಾಗ.

ಒಪ್ಪಿಕೊಳ್ಳುವ ಮೊದಲು

ಆ ದಿನಕ್ಕೆ ಸಂಬಳ ಉಂಟೇ ಎಂದು ಇಮೇಲ್‌ನಲ್ಲೇ ಕೇಳಿ. ಅಲ್ಲಿ ನೀವು ನಿಜವಾದ ಕೆಲಸ ಮಾಡುವುದಾದರೆ, 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಕಾಯ್ದೆಯಂತೆ ಆ ಗಂಟೆಗಳಿಗೆ ಕೂಲಿ ಕೊಡಬೇಕು. ಕೇಂದ್ರದ ಕನಿಷ್ಠ ದರ ಗಂಟೆಗೆ 7.25 ಡಾಲರ್, ಅನೇಕ ರಾಜ್ಯಗಳಲ್ಲಿ ಇದಕ್ಕಿಂತ ಹೆಚ್ಚು. ಕೇಳಿದರೆ ಅವರು ಬೇಸರ ಮಾಡಿಕೊಂಡಾರು ಎಂದು ಹಿಂಜರಿಯಬೇಡಿ. ಸುಮ್ಮನೆ ನಿಂತು ನೋಡುವ ದಿನವಾದರೆ ಮಾತು ಬೇರೆ. ಆಗ ಪ್ರಾಣಿಯನ್ನು ಮುಟ್ಟಬೇಡಿ.

ಎಚ್-4 ವೀಸಾದಲ್ಲಿ (ಅಲ್ಲಿ ಕೆಲಸಕ್ಕೆಂದು ಬಂದವರ ಕುಟುಂಬಕ್ಕೆ ಕೊಡುವ ವೀಸಾ) ಬಂದು ಈ ಕೋರ್ಸ್ ಓದುತ್ತಿರುವ ನಮ್ಮವರಿಗೆ ಇನ್ನೊಂದು ಮಾತು. ಕೆಲಸದ ಪರವಾನಗಿ ಕೈಗೆ ಬರುವ ಮೊದಲು ಇಂಥ ದಿನಕ್ಕೆ ಒಪ್ಪಬೇಡಿ. ಅರ್ಧ ದಿನದ ಆಸೆಗೆ ವರ್ಷಗಳ ವೀಸಾವನ್ನು ಅಪಾಯಕ್ಕೆ ಒಡ್ಡುವುದು ಬೇಡ.

ಹಿಡಿತ

ಈ ಟಿಪ್ಪಣಿಯಲ್ಲಿ ಒಂದೇ ಭಾಗ ಓದಲು ಸಮಯವಿದ್ದರೆ ಇದನ್ನು ಓದಿ. ಇಂಟರ್‌ವ್ಯೂ ದಿನ ನಿಮಗೆ ಮೊದಲು ಸಿಗುವ ಕೆಲಸ ಸಾಮಾನ್ಯವಾಗಿ ಪ್ರಾಣಿಯನ್ನು ಹಿಡಿದುಕೊಳ್ಳುವುದೇ.

ನಾನು ಹುಟ್ಟಿ ಬೆಳೆದದ್ದು ತಿಪಟೂರಿನ ಕಡೆ, ಹಳ್ಳಿಕಾರ್ ಎತ್ತುಗಳಿದ್ದ ಮನೆಯಲ್ಲಿ. ಪಶುವೈದ್ಯರು ಸೂಜಿ ಹಾಕಲು ಬಂದಾಗ ಮೂಗುದಾರ ಹಿಡಿದು ನಿಲ್ಲುವುದು ನನ್ನ ಪಾಲಿನ ಕೆಲಸ. ‘ಬಿಗಿಯಾಗಿ ಹಿಡಿ, ಸಡಿಲ ಬಿಡಬೇಡ’ ಎಂದು ಅಪ್ಪ ಹಟ್ಟಿಯ ಬಾಗಿಲಿನಿಂದಲೇ ಕೂಗುತ್ತಿದ್ದರು. ಎತ್ತಿಗೆ ಆ ಪಾಠ ಸರಿ. ಅದೇ ಪಾಠವನ್ನು ಮೊದಲ ಇಂಟರ್‌ವ್ಯೂನಲ್ಲಿ ಒಂದು ಬೂದು ಬೆಕ್ಕಿನ ಮೇಲೆ ಪ್ರಯೋಗಿಸಿದೆ. ಕತ್ತಿನ ಹಿಂದಿನ ಚರ್ಮವನ್ನು ಮುಷ್ಟಿಯಲ್ಲಿ ಹಿಡಿದೆ. ಬೆಕ್ಕು ಒಂದು ಕ್ಷಣ ಕಲ್ಲಿನಂತೆ ಸೆಟೆಯಿತು, ಮರುಕ್ಷಣ ನನ್ನ ಮುಂಗೈಯನ್ನು ಮೊಣಕೈವರೆಗೆ ಗೀರಿ ಬೀರುವಿನ ಅಡಿಗೆ ನುಗ್ಗಿತು. ಅಲ್ಲಿನ ಹಿರಿಯ ಟೆಕ್ನಿಷಿಯನ್ ಏನೂ ಅನ್ನಲಿಲ್ಲ. ದೀಪ ತಗ್ಗಿಸಿ, ಹತ್ತು ನಿಮಿಷ ಬಿಟ್ಟು, ದಪ್ಪ ಟವೆಲನ್ನು ಮೇಲೆ ಹಾಸಿ ಬೆಕ್ಕನ್ನು ಅದರೊಳಗೇ ಎತ್ತಿಕೊಂಡರು. ಕ್ಯಾರಿಯರ್‌ನ ಮೇಲಿನ ಅರ್ಧವನ್ನು ಬಿಚ್ಚಿ, ಕೆಳಗಿನ ಅರ್ಧದಲ್ಲಿ ಅದನ್ನು ಕೂರಿಸಿಯೇ ಪರೀಕ್ಷೆ ಮುಗಿಸಿದರು. ಅವರ ಎರಡು ಕೈಗಳೂ ಬೆಕ್ಕಿನ ಮೇಲೆ ಇದ್ದವು, ಆದರೆ ಒತ್ತುತ್ತಿರಲಿಲ್ಲ.

ಆ ಕೆಲಸ ನನಗೆ ಸಿಗಲಿಲ್ಲ. ಮನೆಗೆ ಬಂದು ಓದಿದಾಗ ತಿಳಿಯಿತು: ಬೆಕ್ಕುಗಳ ವೈದ್ಯರ ಅಮೆರಿಕನ್ ಸಂಘ ಮತ್ತು ಅಂತರರಾಷ್ಟ್ರೀಯ ಸಂಘ ಸೇರಿ 2022ರಲ್ಲಿ ಹೊರತಂದ ಮಾರ್ಗಸೂಚಿ ಕತ್ತಿನ ಚರ್ಮ ಹಿಡಿಯುವುದನ್ನು ಬೇಡವೆನ್ನುತ್ತದೆ. ಹಳೆಯ ವಿಡಿಯೋಗಳಲ್ಲಿ ಇನ್ನೂ ಅದನ್ನೇ ತೋರಿಸುತ್ತಾರೆ, ನಂಬಬೇಡಿ.

ನಾಯಿಯ ಮುಂಗಾಲಿನಿಂದ ರಕ್ತ ತೆಗೆಯುವಾಗ ಹಿಡಿಯುವವರ ಕೆಲಸವನ್ನು ಹಂತ ಹಂತವಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಒಂದು ತೋಳು ಗದ್ದದ ಅಡಿಯಿಂದ ಬಳಸಿ ತಲೆಯನ್ನು ನಿಮ್ಮ ಭುಜದತ್ತ ತರಬೇಕು. ಇನ್ನೊಂದು ಕೈ ಮೊಣಕೈಯ ಹಿಂದೆ ನಿಂತು ಕಾಲನ್ನು ಮುಂದಕ್ಕೆ ಚಾಚಿಸಬೇಕು. ಹೆಬ್ಬೆರಳು ಸಿರೆಯ ಮೇಲೆ ಒತ್ತಿ ಸ್ವಲ್ಪ ಹೊರಕ್ಕೆ ಉರುಳಿದರೆ ಸಿರೆ ಉಬ್ಬಿ ನಿಲ್ಲುತ್ತದೆ. ರಕ್ತ ತೆಗೆದಾದ ಮೇಲೆ, ಸೂಜಿ ಹೊರಬರುವ ಮೊದಲೇ ಹೆಬ್ಬೆರಳಿನ ಒತ್ತಡ ಬಿಡಬೇಕು. ಬಿಡದಿದ್ದರೆ ಚರ್ಮದಡಿ ರಕ್ತ ಸೋರಿ ಗಂಟು ಕಟ್ಟುತ್ತದೆ. ಬಿಟ್ಟ ಕೂಡಲೇ ಅದೇ ಹೆಬ್ಬೆರಳಿನಿಂದ ಚುಚ್ಚಿದ ಜಾಗವನ್ನು ಅದುಮಿಕೊಳ್ಳಿ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳ ಕತ್ತನ್ನು ಬಿಗಿಯಾಗಿ ಬಳಸಬೇಡಿ. ಅವುಗಳಿಗೆ ಉಸಿರಾಟವೇ ಕಷ್ಟ.

ತುಟಿ ನೆಕ್ಕುವುದು, ಕಾರಣವಿಲ್ಲದ ಆಕಳಿಕೆ, ಕಣ್ಣಿನ ಬಿಳಿ ಭಾಗ ಕಾಣುವುದು, ಇದ್ದಕ್ಕಿದ್ದಂತೆ ಸ್ತಬ್ಧವಾಗುವುದು, ಇವೆಲ್ಲ ಕಚ್ಚುವ ಮುನ್ನ ನಾಯಿ ಕೊಡುವ ಸೂಚನೆಗಳು. ಕಂಡರೆ ಸುಮ್ಮನಿರದೆ ‘ಇದು ಹೆದರಿದೆ, ಒಂದು ನಿಮಿಷ ನಿಲ್ಲಿಸೋಣವೇ?’ ಎಂದು ಬಾಯಿಬಿಟ್ಟು ಹೇಳಿ. ಎರಡನೇ ಆಸ್ಪತ್ರೆಯಲ್ಲಿ ನಾನು ಹೀಗೆ ಹೇಳಿದಾಗ ವೈದ್ಯರು ಸೂಜಿಯನ್ನು ಕೆಳಗಿಟ್ಟು ಬಾಯಿಪಟ್ಟಿ ತರಿಸಿದರು. ಮಧ್ಯಾಹ್ನ ಊಟದ ಹೊತ್ತಿಗೆ ‘ಯಾವಾಗಿನಿಂದ ಬರುತ್ತೀರಿ?’ ಎಂದು ಕೇಳಿದ್ದೂ ಅವರೇ.

ಬಾಯಿಪಾಠವಾಗಿರಬೇಕಾದ ಅಂಕಿಗಳು

ನಾಯಿ, ಬೆಕ್ಕು ಎರಡರ ಮೈಶಾಖವೂ ಸುಮಾರು 100ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಹೃದಯದ ಬಡಿತ ನಿಮಿಷಕ್ಕೆ ನಾಯಿಗೆ 60ರಿಂದ 140, ಬೆಕ್ಕಿಗೆ 140ರಿಂದ 220. ವಸಡನ್ನು ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಬಡಿತವನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಸೆಕೆಂಡ್ ಮುಳ್ಳಿರುವ ಕೈಗಡಿಯಾರ ಕಟ್ಟಿಕೊಂಡು ಹೋಗಿ. ಬೆಕ್ಕು ಗುರುಗುಟ್ಟುತ್ತಿದ್ದರೆ ಏನೂ ಕೇಳಿಸುವುದಿಲ್ಲ. ಪಕ್ಕದ ನಲ್ಲಿಯನ್ನು ಸಣ್ಣಗೆ ತಿರುಗಿಸಿ, ಬಹುಪಾಲು ಬೆಕ್ಕುಗಳು ನೀರಿನ ಸದ್ದಿಗೆ ಗುರುಗುಟ್ಟುವುದನ್ನು ನಿಲ್ಲಿಸುತ್ತವೆ.

ಲೆಕ್ಕವನ್ನು ಕಾಗದದ ಮೇಲೆ ಮಾಡಿ, ಮನಸ್ಸಿನಲ್ಲಿ ಬೇಡ. 55 ಪೌಂಡಿನ ನಾಯಿ ಎಂದರೆ 2.2ರಿಂದ ಭಾಗಿಸಿದಾಗ 25 ಕಿಲೋ. ವಾಂತಿ ತಡೆಯುವ ಮರೋಪಿಟಂಟ್ ಚುಚ್ಚುಮದ್ದು ಕಿಲೋಗೆ 1 ಮಿಲಿಗ್ರಾಂ, ಅಂದರೆ 25 ಮಿಲಿಗ್ರಾಂ. ಬಾಟಲಿಯಲ್ಲಿ ಮಿಲಿಲೀಟರಿಗೆ 10 ಮಿಲಿಗ್ರಾಂ ಇರುತ್ತದೆ, ಆದ್ದರಿಂದ ಸಿರಿಂಜಿಗೆ 2.5 ಮಿಲಿಲೀಟರ್. ಪೌಂಡನ್ನೇ ಕಿಲೋ ಎಂದು ಹಿಡಿದರೆ ಪ್ರಾಣಿಗೆ ಎರಡು ಪಟ್ಟಿಗೂ ಹೆಚ್ಚು ಮದ್ದು ಹೋಗುತ್ತದೆ. ಲೆಕ್ಕ ಮುಗಿದ ಮೇಲೆ ಇನ್ನೊಬ್ಬರಿಗೆ ತೋರಿಸಿ. ತೋರಿಸುವುದು ದೌರ್ಬಲ್ಯವೆಂದು ಯಾರೂ ಎಣಿಸುವುದಿಲ್ಲ, ತೋರಿಸದೆ ಚುಚ್ಚಿದವರನ್ನೇ ಅನುಮಾನಿಸುತ್ತಾರೆ.

ರಕ್ತದ ಟ್ಯೂಬ್‌ಗಳಲ್ಲಿ ನೇರಳೆ ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುತ್ತದೆ, ಅದು ರಕ್ತಕಣಗಳ ಎಣಿಕೆಗೆ. ಕೆಂಪು ಮುಚ್ಚಳದ್ದು ಸೀರಂಗೆ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಗೆ. ನೇರಳೆಯ ರಕ್ತ ಒಂದು ಹನಿ ಕೆಂಪಿಗೆ ಸೇರಿದರೂ ವರದಿಯಲ್ಲಿ ಪೊಟ್ಯಾಸಿಯಂ ಸುಳ್ಳೇ ಏರುತ್ತದೆ, ಕ್ಯಾಲ್ಸಿಯಂ ಸುಳ್ಳೇ ಇಳಿಯುತ್ತದೆ. ಅದಕ್ಕೇ ಕೆಂಪು ಮೊದಲು, ನೇರಳೆ ಆಮೇಲೆ.

ಅರಿವಳಿಕೆ ಯಂತ್ರದ ಮುಂದೆ

ಹೊಸಬರ ಕೈಗೆ ಅರಿವಳಿಕೆಯನ್ನು ಪೂರ್ತಿ ಬಿಡುವುದಿಲ್ಲ, ಆದರೆ ‘ಯಂತ್ರದ ಸೋರಿಕೆ ಪರೀಕ್ಷೆ ಮಾಡಿ ತೋರಿಸಿ’ ಎನ್ನಬಹುದು. ಹೆಚ್ಚಾದ ಅನಿಲವನ್ನು ಹೊರಬಿಡುವ ಪಾಪ್-ಆಫ್ ವಾಲ್ವ್ ಮುಚ್ಚಿ, ಪ್ರಾಣಿಯ ಕಡೆಯ ಕೊಳವೆಯ ಬಾಯಿಗೆ ಹೆಬ್ಬೆರಳು ಅದುಮಿ, ಆಮ್ಲಜನಕ ತುಂಬಿಸಿ ಒತ್ತಡವನ್ನು ಸುಮಾರು 30 ಸೆಂಟಿಮೀಟರ್ ನೀರಿನ ಮಟ್ಟಕ್ಕೆ ತನ್ನಿ. ಒತ್ತಡ ತೋರಿಸುವ ಮುಳ್ಳು ಕದಲದೆ ನಿಂತರೆ ಸೋರಿಕೆ ಇಲ್ಲ. ಈಗ ಹೆಬ್ಬೆರಳು ತೆಗೆಯಬೇಡಿ. ವಾಲ್ವ್ ತೆರೆದು ಒತ್ತಡ ಇಳಿಸಿ. ಹೀಗೆ ಮಾಡಿದರೆ ವಾಲ್ವ್ ಕೆಲಸ ಮಾಡುತ್ತದೆಂದು ಖಾತ್ರಿಯಾಗುತ್ತದೆ, ಅದು ತೆರೆದೇ ಉಳಿಯುತ್ತದೆ. ಮರೆತು ಮುಚ್ಚಿಟ್ಟು ಪ್ರಾಣಿಯನ್ನು ಜೋಡಿಸಿದರೆ ಎದೆಯೊಳಗೆ ಒತ್ತಡ ಏರುತ್ತಾ ಹೋಗಿ, ಶ್ವಾಸಕೋಶಕ್ಕೆ ಪೆಟ್ಟಾಗಿ, ಹೃದಯಕ್ಕೆ ರಕ್ತ ಮರಳುವುದೇ ನಿಂತು, ಆರೋಗ್ಯವಾಗಿದ್ದ ಪ್ರಾಣಿ ಕೆಲವೇ ನಿಮಿಷಗಳಲ್ಲಿ ಸಾಯಬಹುದು. ಇಡೀ ಕೋರ್ಸ್‌ನಲ್ಲಿ ನನ್ನನ್ನು ಇಷ್ಟು ಹೆದರಿಸಿದ ಪಾಠ ಇನ್ನೊಂದಿಲ್ಲ. ‘ವಾಲ್ವ್ ತೆರೆದಿದೆ’ ಎಂದು ಗಟ್ಟಿಯಾಗಿ ಹೇಳುವ ಅಭ್ಯಾಸ ಮಾಡಿಕೊಂಡಿದ್ದೇನೆ, ನೀವೂ ಮಾಡಿಕೊಳ್ಳಿ.

ಮುಟ್ಟಬಾರದ್ದು

ಮೈಗೆ ತಗುಲಿದ ವಿಕಿರಣ ಅಳೆಯುವ, ನಿಮ್ಮ ಹೆಸರಿನ ಡೋಸಿಮೀಟರ್ ಬ್ಯಾಡ್ಜ್ ಇಲ್ಲದೆ ಎಕ್ಸ್-ರೇ ಕೊಠಡಿಯಲ್ಲಿ ಪ್ರಾಣಿಯನ್ನು ಹಿಡಿದು ನಿಲ್ಲಬೇಡಿ. ಕರೆದರೂ ವಿನಯದಿಂದ ಹೊರಗೆ ಉಳಿಯಿರಿ. ಕೆಟಮಿನ್, ಹೈಡ್ರೋಮಾರ್ಫೋನ್‌ನಂಥ ನಿಯಂತ್ರಿತ ಮದ್ದುಗಳ ಬೀಗದ ಕೈ, ದಾಖಲೆ ಪುಸ್ತಕ ಎರಡರ ತಂಟೆಯೂ ಬೇಡ. ರೋಗನಿರ್ಣಯ, ರೋಗ ಮುಂದೆ ಏನಾದೀತೆಂಬ ಮಾತು, ಔಷಧಿ ಬರೆಯುವುದು, ಶಸ್ತ್ರಚಿಕಿತ್ಸೆ, ಇವು ವೈದ್ಯರವು. ನಾಯಿಯ ಮಾಲೀಕರು ಕಣ್ಣು ತುಂಬಿಕೊಂಡು ‘ಇದು ಕ್ಯಾನ್ಸರೇ?’ ಎಂದು ಕೇಳಿದಾಗ ಸಮಾಧಾನಕ್ಕೆಂದು ಏನಾದರೂ ಹೇಳಿಬಿಡಬೇಕೆನಿಸುತ್ತದೆ. ‘ಡಾಕ್ಟರ್ ಈಗ ಬರುತ್ತಾರೆ, ಅಲ್ಲಿಯವರೆಗೆ ನಾನು ಇವನ ಜೊತೆ ಇರುತ್ತೇನೆ’ ಎಂದಷ್ಟೇ ಹೇಳಿ.

ಗೊತ್ತಿಲ್ಲದ ಕೆಲಸ ಕೊಟ್ಟರೆ ‘ಪುಸ್ತಕದಲ್ಲಿ ಓದಿದ್ದೇನೆ, ಕೈಯಾರೆ ಮಾಡಿಲ್ಲ, ಒಮ್ಮೆ ತೋರಿಸಿ’ ಎನ್ನಿ. ಇಂಗ್ಲಿಷಿನಲ್ಲಿ ಈ ವಾಕ್ಯವನ್ನು ಮನೆಯಲ್ಲಿ ನಾಲ್ಕು ಸಲ ಹೇಳಿಕೊಂಡು ಹೋಗಿ. ಒತ್ತಡದಲ್ಲಿ ನಮ್ಮವರ ಬಾಯಿಂದ ‘ಸರಿ, ಮಾಡುತ್ತೇನೆ’ ಎಂಬುದೇ ಮೊದಲು ಹೊರಡುತ್ತದೆ, ನನ್ನ ಬಾಯಿಂದಲೂ.

ನೀವೂ ಅವರನ್ನು ನೋಡಿ

ಬೆಕ್ಕುಗಳನ್ನು ನಾಯಿಗಳ ಕಣ್ಣಿಗೆ ಬೀಳದಂತೆ ಇರಿಸಿದ್ದಾರೆಯೇ? ಶಸ್ತ್ರಚಿಕಿತ್ಸೆ ಮುಗಿದ ಪ್ರಾಣಿ ಎಚ್ಚರವಾಗುವವರೆಗೆ ಯಾರಾದರೂ ಪಕ್ಕದಲ್ಲಿ ಕೂರುತ್ತಾರೆಯೇ? ಟೆಕ್ನಿಷಿಯನ್ ತಪ್ಪು ಮಾಡಿದಾಗ ವೈದ್ಯರು ಹೇಗೆ ಮಾತನಾಡುತ್ತಾರೆ? ಕೆಲಸಗಾರರಿಗೆ ರೇಬೀಸ್ ಮುನ್ನೆಚ್ಚರಿಕೆ ಲಸಿಕೆಯ ಖರ್ಚನ್ನು ಆಸ್ಪತ್ರೆ ಕೊಡುತ್ತದೆಯೇ? ಕೊನೆಯದನ್ನು ಬಾಯಿಬಿಟ್ಟೇ ಕೇಳಿ, ಉಳಿದವು ಕಣ್ಣಿಗೆ ಕಾಣುತ್ತವೆ. ಮೂರನೇ ಆಸ್ಪತ್ರೆಯಲ್ಲಿ ಅರಿವಳಿಕೆಯಿಂದ ಏಳುತ್ತಿದ್ದ ನಾಯಿಯೊಂದು ಒಂಟಿಯಾಗಿ ಗೂಡಿನಲ್ಲಿ ನಡುಗುತ್ತಿತ್ತು. ಸಂಬಳ ಚೆನ್ನಾಗಿತ್ತು, ಆದರೂ ಎರಡನೆಯದನ್ನೇ ಆರಿಸಿಕೊಂಡೆ.

ಹೊರಡುವಾಗ ಬಂದ ಸಮಯ, ಹೋದ ಸಮಯ ಎರಡನ್ನೂ ಬರೆಸಿ. ಮನೆಯಲ್ಲಿ ನಾಯಿ ಬೆಕ್ಕುಗಳಿದ್ದರೆ ಬೂಟುಗಳನ್ನು ಬಾಗಿಲ ಹೊರಗೇ ಬಿಡಿ, ಸ್ಕ್ರಬ್ಸ್ (ಆಸ್ಪತ್ರೆಯ ಉಡುಪು) ಬೇರೆಯಾಗಿ ಒಗೆಯಿರಿ. ನಾಯಿಗಳಿಗೆ ಮಾರಕವಾಗಬಲ್ಲ ಪಾರ್ವೋ ವೈರಾಣು ಬಟ್ಟೆ, ಬೂಟುಗಳ ಮೇಲೆ ಕುಳಿತೇ ಮನೆಗೆ ಬರುತ್ತದೆ, ಮಾಮೂಲಿ ಸೋಪಿಗೆ ಸಾಯುವುದಿಲ್ಲ. ಬೂಟಿನ ಅಡಿಗೆ ನೀರಿನಲ್ಲಿ ಕಲಸಿದ ಬ್ಲೀಚ್ ಹಾಕಿ ಹತ್ತು ನಿಮಿಷ ಬಿಡಿ.