ಕಲಿಫೀ: ಮದುವೆ ಬೇಡ ಅನ್ನಲು ಇದ್ದ ಒಂದೇ ದಾರಿ

‘ಕಲಿಫೀ’ ಅಂದರೆ ಸವಾಲು. ಪೂರ್ತಿ ಹೆಸರು ‘ಕೂನ್-ಉಟ್-ಕಲಿಫೀ’, ಅಂದರೆ ಮದುವೆ, ಇಲ್ಲವೇ ಸವಾಲು. ಬಾಹ್ಯಾಕಾಶದ ಕಥೆ ಹೇಳುವ ಅಮೆರಿಕದ ಟಿವಿ ಧಾರಾವಾಹಿ ‘ಸ್ಟಾರ್ ಟ್ರೆಕ್’‌ನಲ್ಲಿ ಬರುವ ವಲ್ಕನ್ ಗ್ರಹದವರ ಮಾತು ಇದು. 1967ರ ಸೆಪ್ಟೆಂಬರ್‌ನಲ್ಲಿ ಪ್ರಸಾರವಾದ ‘ಅಮಾಕ್ ಟೈಮ್’ ಕಂತಿನಲ್ಲಿ ಕೇಳಿಬರುತ್ತದೆ. ಬರೆದವರು ಥಿಯೋಡರ್ ಸ್ಟರ್ಜನ್.

ವಲ್ಕನ್ನರು ಭಾವನೆಗಳನ್ನು ಅದುಮಿಟ್ಟು ಲೆಕ್ಕಾಚಾರದಿಂದ ಬದುಕುವ ಜನ. ಆದರೆ ‘ಪಾನ್ ಫಾರ್’, ಅಂದರೆ ಸಂಗಾತಿಯನ್ನು ಕೂಡುವ ಕಾಲ, ಬಂದಾಗ ಗಂಡಸಿನ ನೆತ್ತರು ಕುದಿಯುತ್ತದೆ. ತನ್ನ ಗ್ರಹಕ್ಕೆ ಹೋಗಿ ಗೊತ್ತಾದ ಹೆಣ್ಣನ್ನು ಸೇರಬೇಕು, ಇಲ್ಲದಿದ್ದರೆ ಸಾವು. ಬಾಹ್ಯಾಕಾಶ ಹಡಗಿನ ವಲ್ಕನ್ ಅಧಿಕಾರಿ ಸ್ಪಾಕ್‌ಗೆ ಹಾಗಾದಾಗ, ಆ ಹಡಗಿನ ಕ್ಯಾಪ್ಟನ್ ಕರ್ಕ್ ಮೇಲಿನವರ ಆದೇಶ ಮೀರಿ ಅದನ್ನು ವಲ್ಕನ್ ಕಡೆ ತಿರುಗಿಸುತ್ತಾನೆ. ನೌಕರಿಗಿಂತ ಗೆಳೆಯ ದೊಡ್ಡವನು ಅಂತ.

ಅಲ್ಲಿ ಕಾಯುತ್ತಿರುವವಳು ಟಿ'ಪ್ರಿಂಗ್. ಇಬ್ಬರಿಗೂ ಏಳು ವರ್ಷವಿದ್ದಾಗ ಅಪ್ಪ ಅಮ್ಮಂದಿರು ಮಾಡಿದ ಸಂಬಂಧ. ನಿಶ್ಚಿತಾರ್ಥಕ್ಕಿಂತ ಜಾಸ್ತಿ, ಮದುವೆಗಿಂತ ಕಡಿಮೆ ಅನ್ನುತ್ತಾನೆ ಸ್ಪಾಕ್. ನಮ್ಮ ಕೊಪ್ಪಳ, ರಾಯಚೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಕೂಸು ತೊಟ್ಟಿಲಲ್ಲಿದ್ದಾಗಲೇ ‘ಇಕಿ ಸೋದರಮಾವಗ’ ಅಂತ ಮಾತಾಗಿಬಿಡುವ ಮನೆಗಳನ್ನು ನಾವು ನೋಡಿದ್ದೇವೆ. ತಾಳಿ ಇಲ್ಲ, ಕಾಗದ ಇಲ್ಲ. ಆದರೂ ಮುರಿದರೆ ಎರಡು ಮನೆಯವರು ಹಬ್ಬಕ್ಕೂ ಮುಖ ನೋಡುವುದಿಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು ಅನ್ನುತ್ತದೆ. ಅದು ಮದುವೆಯ ಲೆಕ್ಕ. ಹಿರಿಯರು ಆಡಿಟ್ಟ ಮಾತಿಗೆ ವಯಸ್ಸು ಯಾರು ಕೇಳುತ್ತಾರೆ?

ಟಿ'ಪ್ರಿಂಗ್‌ಗೆ ಸ್ಟಾನ್ ಎಂಬ ಬೇರೊಬ್ಬ ಇಷ್ಟ. ಸಂಬಂಧ ಕಡಿದುಕೊಳ್ಳಲು ಕಟ್ಟಳೆಯಲ್ಲಿ ಅವಳಿಗಿರುವುದು ಕಲಿಫೀ ಒಂದೇ. ಅವಳ ಪರವಾಗಿ ಒಬ್ಬ ಗಂಡಸು ವರನ ಜೊತೆ ಸಾಯುವ ತನಕ ಹೊಡೆದಾಡಬೇಕು. ಗೆದ್ದವನಿಗೆ ಅವಳು ಸೊತ್ತು. ಗಂಗಾವತಿಯಲ್ಲಿ ಓದುವ ನನ್ನ ಅಕ್ಕನ ಮಗಳು ಕಥೆ ಇಲ್ಲಿಗೆ ಬರುವಷ್ಟರಲ್ಲಿ ಸಿಟ್ಟಾದಳು: ‘ಚಿಗವ್ವಾ, ಆಕಿ ತಾನ ಯಾಕ ಬಡಿದಾಡಬಾರ್ದು?’ ನನಗೆ ಕಾಣುವಂತೆ ಕಲಿಫೀಯ ಅರ್ಥವೆಲ್ಲ ಆ ಪ್ರಶ್ನೆಯಲ್ಲಿದೆ. ಹೆಣ್ಣಿಗೆ ‘ಒಲ್ಲೆ’ ಅನ್ನುವ ಹಕ್ಕು ಇದೆ. ಆದರೆ ಅದು ನಡೆಯುವುದು ಗಂಡಸಿನ ರಟ್ಟೆಯ ಮೇಲೆ. ಇದನ್ನೆಲ್ಲ ನಿಂತು ನಡೆಸುವವಳು ಟಿ'ಪೌ ಎಂಬ ಮುದುಕಿ! ವಲ್ಕನ್‌ನಲ್ಲಿ ಅವಳ ಮಾತಿಗೆ ಎದುರಿಲ್ಲ. ಮದುವೆ ಮನೆಯ ಅಜ್ಜಿಯರನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ ಅಲ್ವಾ.

ಟಿ'ಪ್ರಿಂಗ್ ಮಾತ್ರ ಬಲು ಜಾಣೆ. ಸ್ಟಾನ್‌ನನ್ನು ಬಿಟ್ಟು ಕರ್ಕ್‌ನನ್ನು ಆರಿಸುತ್ತಾಳೆ. ಕರ್ಕ್ ಗೆದ್ದರೆ ಅವನಿಗೆ ಅವಳು ಬೇಡ. ಸ್ಪಾಕ್ ಗೆದ್ದರೆ ಸವಾಲು ಹಾಕಿದವಳು ಅಂತ ಬಿಟ್ಟುಬಿಡುತ್ತಾನೆ. ಬಿಡದಿದ್ದರೂ ಅವನು ಹಡಗಿಗೆ ಹೊರಡುತ್ತಾನೆ, ಅವನ ಹೆಸರು ಆಸ್ತಿ ಇವಳಿಗೆ ಉಳಿಯುತ್ತದೆ. ಮೂರರಲ್ಲೂ ಸ್ಟಾನ್ ಅವಳವನೇ. ಕೇಳಿ ಸ್ಪಾಕ್ ಕೂಡ ತಲೆದೂಗುತ್ತಾನೆ. ಅವಳನ್ನು ಕಲ್ಲೆದೆಯವಳು ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಆ ಕಟ್ಟಳೆಯನ್ನು ಅವಳೇನು ಬರೆದಿರಲಿಲ್ಲ. ಆದರೆ ಏನೂ ಅರಿಯದ ಕರ್ಕ್‌ನ ಜೀವವನ್ನು ಪಣಕ್ಕಿಟ್ಟದ್ದು ಅವಳೇ, ಅದನ್ನು ಮುಚ್ಚಿಡಲಾಗದು.

ಹೊಡೆದಾಟದ ನಡುವೆ ಹಡಗಿನ ಡಾಕ್ಟರ್ ಮೆಕಾಯ್ ಉಪಾಯದಿಂದ ಕೊಟ್ಟ ಇಂಜೆಕ್ಷನ್‌ನಿಂದ ಕರ್ಕ್ ಸತ್ತಂತೆ ಬೀಳುತ್ತಾನೆ, ಉಳಿಯುತ್ತಾನೆ. ಅವನನ್ನು ಜೀವಂತ ಕಂಡಾಗ ಸ್ಪಾಕ್ ಹಲ್ಲು ಕಾಣುವಂತೆ ನಗುತ್ತಾನೆ. ಮದುವೆಗೆಂದು ಹೊರಟವನ ಮುಖದಲ್ಲಿ ಪ್ರೀತಿ ಎದ್ದು ಕಂಡಿದ್ದು ಗೆಳೆಯನಿಗಾಗಿ.

2022ರ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಧಾರಾವಾಹಿಯಲ್ಲಿ ಟಿ'ಪ್ರಿಂಗ್ ಮತ್ತೆ ಬಂದಳು. ಈ ಕಥೆಗಿಂತ ಹಿಂದಿನ ಕಾಲ, ಇಬ್ಬರೂ ಪ್ರಾಯದವರು. ಮೊದಲ ಕಂತಿನಲ್ಲೇ ‘ನನ್ನ ಮದುವೆಯಾಗುತ್ತೀಯಾ’ ಅಂತ ಕೇಳುವವಳು ಅವಳೇ. ಸ್ಪಾಕ್ ಹೂಂ ಅನ್ನುತ್ತಾನೆ. ಅಷ್ಟರಲ್ಲಿ ಅವನಿಗೆ ಡ್ಯೂಟಿಯಿಂದ ಕರೆ ಬರುತ್ತದೆ.