ಟೋಕಿಯೋದಲ್ಲಿ ಮೊದಲ ಸಲ ಎಲ್ಲಿ ಉಳಿದುಕೊಳ್ಳಬೇಕು?

ಪ್ರಶ್ನೆ: ಅಪ್ಪ, ಅಮ್ಮ, ಮಗಳ ಜೊತೆ ಐದು ದಿನಕ್ಕೆ ಟೋಕಿಯೋಗೆ ಹೊರಟಿದ್ದೇವೆ. ಎಲ್ಲರೂ ಶಿಂಜುಕು ಅಂತಾರೆ. ಅಲ್ಲೇ ರೂಮ್ ಮಾಡಬಹುದಾ? ನಾವು ಸಸ್ಯಾಹಾರಿಗಳು.

ಉತ್ತರ: ಮಾಡಬಹುದು. ಆದರೆ ವಯಸ್ಸಾದವರು ಜೊತೆಗಿದ್ದರೆ ನಾನು ಟೋಕಿಯೋದ ಇನ್ನೊಂದು ಬಡಾವಣೆ ಉಯೆನೊ ಅಂತಲೇ ಹೇಳುತ್ತೇನೆ.

ಶಿಂಜುಕು ಜಗತ್ತಿನಲ್ಲೇ ಅತಿ ಹೆಚ್ಚು ಜನ ಓಡಾಡುವ ರೈಲು ನಿಲ್ದಾಣ. ಹೊರಗೆ ಬರುವ ದಾರಿಗಳೇ 200ಕ್ಕಿಂತ ಜಾಸ್ತಿ. ಒಂದು ದಾರಿ ತಪ್ಪಿದರೂ ಸೂಟ್‌ಕೇಸ್ ಎಳೆದುಕೊಂಡು ಸುಮ್ನೆ ಸುತ್ತಬೇಕಾಗುತ್ತದೆ. ಅಲ್ಲಿಯ ದೀಪಗಳನ್ನು ನೋಡೋಕೆ ಒಂದು ಸಂಜೆ ಹೋಗಿ ಬನ್ನಿ, ಸಾಕು. ಉಯೆನೊದಿಂದ ಯಮನೋತೆ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ಶಿಂಜುಕು. ಊರಿನ ನಡುಭಾಗವನ್ನು ಸುತ್ತುವ ಈ ರೈಲಿಗೆ 30 ನಿಲ್ದಾಣಗಳಿವೆ. ನೀವು ನೋಡಬೇಕೆಂದಿರುವ ಬಹಳಷ್ಟು ಜಾಗಗಳು ಇದರ ಮೇಲೋ ಪಕ್ಕದಲ್ಲೋ ಸಿಗುತ್ತವೆ.

ಬೆಂಗಳೂರಿನ ನೇರ ವಿಮಾನ ಇಳಿಯುವುದು ನರಿಟಾದಲ್ಲಿ. ಅಲ್ಲಿಂದ ಊರಿನ ನಡುಭಾಗ ಸುಮಾರು 60 ಕಿಲೋಮೀಟರ್. ಸ್ಕೈಲೈನರ್ ರೈಲಿನಲ್ಲಿ ಕೂತರೆ ಎಲ್ಲೂ ಬದಲಾಯಿಸದೆ, ಒಂದು ಗಂಟೆಯೊಳಗೆ ಉಯೆನೊದಲ್ಲಿ ಇಳಿಯಬಹುದು. ರಾತ್ರಿಯಿಡೀ ನಿದ್ದೆಗೆಟ್ಟು ಬಂದ ಅಪ್ಪ-ಅಮ್ಮನಿಗೆ ಇದು ಎಷ್ಟು ಆರಾಮ ಅಲ್ವಾ? ನಿಲ್ದಾಣದ ಪಕ್ಕದಲ್ಲೇ ದೊಡ್ಡ ಪಾರ್ಕು. ಅದರೊಳಗೆ ಮ್ಯೂಸಿಯಂಗಳು, ಮಗಳಿಗೆ 1882ರಲ್ಲಿ ಶುರುವಾದ ಮೃಗಾಲಯ. ಅಸಾಕುಸಾದ ಸೆನ್ಸೋಜಿ ದೇವಾಲಯಕ್ಕೆ ಗಿಂಜಾ ಮೆಟ್ರೋದಲ್ಲಿ ಮೂರನೇ ನಿಲ್ದಾಣ. ಏಷ್ಯಾದ ಮೊದಲ ನೆಲದಡಿ ರೈಲು 1927ರಲ್ಲಿ ಓಡಿದ್ದು ಇದೇ ತುಂಡು ದಾರಿಯಲ್ಲಿ.

ಹೋಟೆಲ್ ಬುಕ್ ಮಾಡುವಾಗ ಫೋಟೋ ನಂಬಬೇಡಿ, ಚದರ ಮೀಟರ್ ನೋಡಿ. ಕಡಿಮೆ ಬೆಲೆಯ ರೂಮು 12-15 ಚದರ ಮೀಟರ್ ಇರುತ್ತದೆ. ಎರಡು ದೊಡ್ಡ ಸೂಟ್‌ಕೇಸ್ ಬಿಚ್ಚಿಟ್ಟರೆ ಕಾಲಿಡಲು ಜಾಗ ಇರಲ್ಲ. ‘ಡಬಲ್’ ಅಂದರೆ ಒಂದೇ ಮಂಚ, ಎಷ್ಟೋ ಕಡೆ 140 ಸೆಂಟಿಮೀಟರ್ ಅಗಲ ಅಷ್ಟೇ. ಅಪ್ಪ-ಅಮ್ಮನಿಗೆ ‘ಟ್ವಿನ್’, ಅಂದರೆ ಎರಡು ಬೇರೆ ಬೇರೆ ಮಂಚದ ರೂಮು ತೆಗೆದುಕೊಳ್ಳಿ. ನಿಲ್ದಾಣದ ಯಾವ ದಾರಿಯಲ್ಲಿ ಲಿಫ್ಟ್ ಇದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಎಲ್ಲ ದಾರಿಯಲ್ಲೂ ಇರುವುದಿಲ್ಲ.

ಐದು ದಿನವೂ ಟೋಕಿಯೋ ಒಳಗೇ ಇರುವುದಾದರೆ ದೇಶವಿಡೀ ಜೆಆರ್ ಕಂಪನಿಯ ರೈಲುಗಳಲ್ಲಿ ಓಡಾಡಲು ಪ್ರವಾಸಿಗರಿಗೆ ಕೊಡುವ ಜೆಆರ್ ಪಾಸ್ ಬೇಡ. 2023ರ ಅಕ್ಟೋಬರ್‌ನಿಂದ ಏಳು ದಿನದ ಪಾಸಿಗೆ 29,650 ಯೆನ್ ಇದ್ದದ್ದು 50,000 ಯೆನ್ ಆಯಿತು. ಸುಯಿಕಾ ಕಾರ್ಡಿಗೆ ದುಡ್ಡು ತುಂಬಿಸಿಕೊಂಡರೆ ರೈಲು, ಬಸ್ಸು, ಅಂಗಡಿ ಎಲ್ಲಕ್ಕೂ ನಡೆಯುತ್ತದೆ. ಕೊನೆಯ ರೈಲು ಮಧ್ಯರಾತ್ರಿಯ ಆಸುಪಾಸು, ಗಮನವಿರಲಿ.

ಊಟದ ವಿಷಯಕ್ಕೆ ಬಂದರೂ ನನ್ನ ಓಟು ಉಯೆನೊಗೇ. ಜಪಾನಿನಲ್ಲಿ ತರಕಾರಿ ಮಾತ್ರ ಕಾಣುವ ಸೂಪಿಗೂ, ನೂಡಲ್ಸ್ ಸಾರಿಗೂ ಸಾಮಾನ್ಯವಾಗಿ ‘ದಾಶಿ’ ಬಿದ್ದಿರುತ್ತದೆ. ಅದು ಹೆಚ್ಚಾಗಿ ಒಣಮೀನಿನಿಂದ ತೆಗೆದ ರಸ. ‘ಮೀನು ಬೇಡ’ ಅಂದರೆ ಸಾಲದು, ‘ದಾಶಿಯೂ ಬೇಡ’ ಅಂತ ಬಿಡಿಸಿ ಹೇಳಬೇಕು. ಉಯೆನೊದಿಂದ ಅಮೆಯೊಕೊ ಸಂತೆಬೀದಿಯಲ್ಲಿ ನಡೆದರೆ ಹತ್ತೇ ನಿಮಿಷಕ್ಕೆ ಒಕಾಚಿಮಾಚಿ. ಭಾರತದ ಆಭರಣ ವ್ಯಾಪಾರಿಗಳು ನೆಲೆಸಿರುವ ಜಾಗ ಅದು, ಹಾಗಾಗಿ ಶುದ್ಧ ಸಸ್ಯಾಹಾರದ ಊಟವೂ ಸಿಗುತ್ತದೆ.