ಡಬಲ್ ಡ್ಯೂಟಿ ಡಾಲರ್: ಒಂದು ನೋಟಿಗೆ ಎರಡು ಕೆಲಸ

1930ರ ದಶಕದ ಶಿಕಾಗೊ. ನಗರದ ದಕ್ಷಿಣ ಭಾಗದಲ್ಲಿ ಬ್ರಾಂಜ್‌ವಿಲ್ ಎಂಬ ಕಪ್ಪು ಜನರ ಬಡಾವಣೆ. ಅಲ್ಲಿನ ಪಾದ್ರಿಗಳು ಭಾನುವಾರದ ಪ್ರವಚನದಲ್ಲಿ ವ್ಯಾಪಾರದ ಮಾತನ್ನೂ ಎತ್ತುತ್ತಿದ್ದರು. ಸಾಮಾನನ್ನು ನಮ್ಮವರ ಅಂಗಡಿಯಲ್ಲೇ ಕೊಳ್ಳಿ, ಆಗ ನಿಮ್ಮ ಡಾಲರ್ ಎರಡು ಕೆಲಸ ಮಾಡುತ್ತದೆ ಅನ್ನುತ್ತಿದ್ದರು. ನಿಮಗೆ ಬೇಕಾದ್ದು ಸಿಗುತ್ತದೆ, ಜೊತೆಗೆ ನಮ್ಮ ಜನ ಒಂದು ಮೆಟ್ಟಿಲು ಮೇಲೆ ಹತ್ತುತ್ತಾರೆ. ಈ ಲೆಕ್ಕಾಚಾರಕ್ಕೆ ಬಿದ್ದ ಹೆಸರೇ ಡಬಲ್ ಡ್ಯೂಟಿ ಡಾಲರ್. ಇವತ್ತು ‘ಬೈ ಬ್ಲ್ಯಾಕ್’ (ಕಪ್ಪು ಜನರ ಅಂಗಡಿಯಲ್ಲೇ ಕೊಳ್ಳಿ), ‘ಗ್ರೂಪ್ ಎಕನಾಮಿಕ್ಸ್’ (ಸಮುದಾಯದ ದುಡ್ಡು ಸಮುದಾಯದಲ್ಲೇ ಸುತ್ತಲಿ) ಅನ್ನುವುದರ ಹಿಂದೆ ಇರುವುದೂ ಇದೇ ಯೋಚನೆ.

ಕೇಳುವುದಕ್ಕೆ ಬರೀ ಅಭಿಮಾನದ ಮಾತು ಅನಿಸಬಹುದು. ಆದರೆ ಇದು ಪೆಟ್ಟು ತಿಂದು ಕಲಿತ ಪಾಠ. ಗುಲಾಮಗಿರಿಯಿಂದ ಬಿಡುಗಡೆಯಾದವರ ಉಳಿತಾಯಕ್ಕೆಂದೇ 1865ರಲ್ಲಿ ಫ್ರೀಡ್‌ಮನ್ಸ್ ಬ್ಯಾಂಕ್ ಶುರುವಾಯಿತು. ಅದನ್ನು ನಡೆಸುತ್ತಿದ್ದವರು ಸಿಕ್ಕಸಿಕ್ಕವರಿಗೆ ಸಾಲ ಕೊಟ್ಟರು. 1874ರಲ್ಲಿ ಬ್ಯಾಂಕ್ ಮುಳುಗಿತು. ಸುಮಾರು 61 ಸಾವಿರ ಜನರ ಹತ್ತಿರಹತ್ತಿರ 30 ಲಕ್ಷ ಡಾಲರ್ ಸಿಕ್ಕಿಹಾಕಿಕೊಂಡಿತು. ಬೇರೆಯವರ ಕೈಯಲ್ಲಿ ದುಡ್ಡು ಇಟ್ಟರೆ ಏನಾಗುತ್ತದೆ ಅನ್ನುವುದು ಆಗ ಮನೆಮನೆಗೂ ಗೊತ್ತಾಯಿತು.

ಮುಂದಿನ ತಲೆಮಾರಿನ ಮ್ಯಾಗಿ ಲೀನಾ ವಾಕರ್ ಅವರನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ವರ್ಜೀನಿಯಾದ ರಿಚ್‌ಮಂಡ್‌ನವರು. ತಾಯಿ ಬಟ್ಟೆ ಒಗೆದು ಸಂಸಾರ ನಡೆಸಿದವರು. ಸೇಂಟ್ ಲ್ಯೂಕ್ ಎಂಬ ಪರಸ್ಪರ ನೆರವಿನ ಸಂಘ ಇವರ ಕೈಗೆ ಬಂದಾಗ ಅದು ಮುಚ್ಚುವ ಹಂತದಲ್ಲಿತ್ತು. ಅದೇ ಸಂಘದ ಬಲದಿಂದ 1903ರಲ್ಲಿ ಸೇಂಟ್ ಲ್ಯೂಕ್ ಪೆನ್ನಿ ಸೇವಿಂಗ್ಸ್ ಬ್ಯಾಂಕ್ ತೆರೆದರು. ಹೆಸರಲ್ಲೇ ಪೆನ್ನಿ, ಅಂದರೆ ಒಂದು ಸೆಂಟ್ ನಾಣ್ಯ, ಇದೆ. ಮೊದಲ ದಿನ ಒಬ್ಬರು ಬರೀ 31 ಸೆಂಟ್ ಇಟ್ಟು ಖಾತೆ ತೆರೆದರಂತೆ. ಬಟ್ಟೆ ಒಗೆಯುವವರು, ಮನೆಗೆಲಸದವರು ಕೂಡಿಟ್ಟ ಚಿಲ್ಲರೆಯೇ ಸೇರಿ ಇನ್ಯಾರದೋ ಮನೆ ಸಾಲವಾಗುತ್ತಿತ್ತು.

ಬ್ಯಾಂಕ್ ಚೆನ್ನಾಗಿಯೇ ನಡೆಯಿತು. ಅಂಗಡಿ ನಡೆಯಲಿಲ್ಲ. 1905ರಲ್ಲಿ ಅವರು ರಿಚ್‌ಮಂಡ್‌ನ ದೊಡ್ಡ ಬೀದಿಯಲ್ಲೇ ಎಂಪೋರಿಯಂ ಎಂಬ ಮಳಿಗೆ ತೆರೆದರು. ಕಪ್ಪು ಹೆಣ್ಣುಮಕ್ಕಳಿಗೆ ಕೌಂಟರ್‌ನಲ್ಲಿ ಗೌರವದ ಕೆಲಸ ಸಿಗಲಿ ಅನ್ನುವುದು ಆಸೆ. ಬಿಳಿಯ ವ್ಯಾಪಾರಿಗಳು ಒಟ್ಟಾಗಿ, ಇವರಿಗೆ ಮಾಲು ಕೊಡಬೇಡಿ ಎಂದು ಸಗಟು ವ್ಯಾಪಾರಿಗಳ ಮೇಲೆ ಒತ್ತಡ ತಂದರು. ಗಿರಾಕಿಗಳೂ ಅಂದುಕೊಂಡಷ್ಟು ಬರಲಿಲ್ಲ. ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಬೇಕಾಯಿತು.

ಡಬಲ್ ಡ್ಯೂಟಿ ಡಾಲರ್ ಎಡವುವುದು ಇಲ್ಲೇ. ಅಂಗಡಿ ನಮ್ಮದು, ಸರಿ. ಆದರೆ ಮಾಲು ಯಾರದು? ಕಟ್ಟಡ ಯಾರದು? ಸಾಲ ಕೊಡುವವರು ಯಾರು? ಸಣ್ಣ ಅಂಗಡಿಗೆ ಸಗಟು ದರ ಜಾಸ್ತಿ, ಹಾಗಾಗಿ ಗಿರಾಕಿಗೂ ಬೆಲೆ ಜಾಸ್ತಿ. ಕೂಲಿಯವರು ಎಷ್ಟು ದಿನ ಅಂತ ಅಭಿಮಾನಕ್ಕೆ ಎರಡು ಸೆಂಟ್ ಹೆಚ್ಚು ಕೊಟ್ಟಾರು? 1938ರ ಲೆಕ್ಕದಂತೆ ಬ್ರಾಂಜ್‌ವಿಲ್‌ನ ವ್ಯಾಪಾರ ಸಂಸ್ಥೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಪ್ಪು ಜನರವೇ ಆಗಿದ್ದವು. ಆದರೆ ಅಲ್ಲಿನ ಜನ ಖರ್ಚು ಮಾಡಿದ ದುಡ್ಡಿನಲ್ಲಿ ಹತ್ತನೇ ಒಂದು ಪಾಲೂ ಅವಕ್ಕೆ ಬರುತ್ತಿರಲಿಲ್ಲ. ಮನೆ ಸಾಲಕ್ಕೆ ಸರ್ಕಾರವೇ ಖಾತರಿ ನಿಲ್ಲುವ ವ್ಯವಸ್ಥೆ 1934ರಲ್ಲಿ ಬಂತು. ಕಪ್ಪು ಜನರ ಬಡಾವಣೆಗಳನ್ನು ಅದು ಬಹುಮಟ್ಟಿಗೆ ಹೊರಗೇ ಇಟ್ಟಿತು.

ಅಂದಹಾಗೆ, ಕಪ್ಪು ಜನರ ಕೈಯಲ್ಲಿ ಡಾಲರ್ ಆರು ಗಂಟೆ ಮಾತ್ರ ನಿಲ್ಲುತ್ತದೆ, ಬೇರೆ ಸಮುದಾಯಗಳಲ್ಲಿ ವಾರಗಟ್ಟಲೆ ಸುತ್ತುತ್ತದೆ ಎಂಬ ಮಾತು ಈಗಲೂ ಓಡಾಡುತ್ತದೆ. ಅದನ್ನು ಹೇಗೆ ಅಳೆದರು ಎಂದು ಯಾರೂ ತೋರಿಸಿಲ್ಲ. ತಪ್ಪೆಲ್ಲ ಗಿರಾಕಿಯದೇ ಅನ್ನುವುದಕ್ಕೆ ಅನುಕೂಲ, ಅಷ್ಟೆ.

ಶಿಕಾಗೊದಲ್ಲೇ ಡಬಲ್ ಡ್ಯೂಟಿ ಡಾಲರ್ ಯೋಚನೆಗೆ ಇನ್ನೊಂದು ಮುಖವೂ ಇತ್ತು. ‘ಕೆಲಸ ಕೊಡದ ಕಡೆ ಕೊಳ್ಳಬೇಡಿ’ ಎಂಬ ಚಳವಳಿ ಅದು. ತಮ್ಮ ಅಂಗಡಿ ಕಟ್ಟುವುದರ ಬದಲು, ಬಿಳಿಯರ ಅಂಗಡಿಗೆ ಹೋಗುವ ದುಡ್ಡನ್ನು ತಡೆದು ಕೆಲಸ ಕೇಳಿದರು. ನನಗೇನೋ ಇದೇ ಹೆಚ್ಚು ಚುರುಕಾದ ದಾರಿ ಅನಿಸುತ್ತದೆ.

ದಕ್ಷಿಣದ ಮಿಸಿಸಿಪ್ಪಿ ರಾಜ್ಯದಲ್ಲಿ, ಕಪ್ಪು ಜನರ ಮತದ ಹಕ್ಕಿಗಾಗಿ ಹೋರಾಡಿದ ಫ್ಯಾನಿ ಲೂ ಹೇಮರ್ ಬೇರೆಯದೇ ದಾರಿ ಹಿಡಿದರು. 1962ರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋಗಿದ್ದಕ್ಕೆ ಅವರನ್ನು ಹತ್ತಿ ತೋಟದ ಕೆಲಸದಿಂದಲೂ ಅಲ್ಲಿನ ಮನೆಯಿಂದಲೂ ಹೊರಹಾಕಿದ್ದರು. ಊಟ ಧಣಿಯ ಕೈಯಲ್ಲಿದ್ದರೆ ಮತವೂ ಅವನ ಕೈಯಲ್ಲೇ ಅಲ್ವಾ? 1960ರ ದಶಕದ ಕೊನೆಗೆ ಅವರು ಸನ್‌ಫ್ಲವರ್ ಕೌಂಟಿಯಲ್ಲಿ ಫ್ರೀಡಂ ಫಾರ್ಮ್ ಎಂಬ ಸಹಕಾರಿ ಜಮೀನು ಕಟ್ಟಿದರು. ಜೊತೆಗೊಂದು ಹಂದಿ ಬ್ಯಾಂಕ್. ಬಡ ಕುಟುಂಬ ಗಬ್ಬದ ಹಂದಿಯೊಂದನ್ನು ಸಾಕಲು ಒಯ್ಯಬಹುದು. ಮರಿಗಳು ಆ ಮನೆಯವರಿಗೆ, ತಾಯಿ ಹಂದಿ ವಾಪಸ್ ಬ್ಯಾಂಕಿಗೆ, ಅಲ್ಲಿಂದ ಇನ್ನೊಂದು ಮನೆಗೆ. ಸಗಟು ವ್ಯಾಪಾರಿಯ ಹಂಗೂ ಇಲ್ಲ, ಬಡ್ಡಿಯೂ ಇಲ್ಲ. ಜಮೀನನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ. ದೇಣಿಗೆ ಕಡಿಮೆಯಾಗಿ, ಸಾಲ ತೀರಿಸಲಾಗದೆ 1970ರ ದಶಕದಲ್ಲೇ ಅದು ಕೈತಪ್ಪಿತು. 1967ರಲ್ಲಿ ಶುರುವಾದ ದಕ್ಷಿಣ ರಾಜ್ಯಗಳ ಸಹಕಾರ ಸಂಘಗಳ ಒಕ್ಕೂಟ ಇವತ್ತಿಗೂ ಅಲ್ಲಿನ ಕಪ್ಪು ರೈತರ ಜಮೀನು ಉಳಿಸುವ ಕೆಲಸ ಮಾಡುತ್ತಿದೆ.